ಪಾಠದ ಪರದೆ, ಅಂಗಳದ ಕೋಲು

ಪ್ರಾಥಮಿಕ ಶಾಲೆಗೆ ತಂತ್ರಜ್ಞಾನ ಬಂದದ್ದು ಕಂಪ್ಯೂಟರಿನ ಜೊತೆಗೆ ಎಂದು ನೀವು ಭಾವಿಸಿರಬಹುದು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮಗಳು ತಲುಪಿದವು. ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. ಬೆಳಗಿನ ಪ್ರಸಾರ ಶಾಲಾ ಮಕ್ಕಳಿಗಾಗಿಯೇ ಇತ್ತು. 2004ರ ಸೆಪ್ಟೆಂಬರ್ 20ರಂದು ಎಜುಸ್ಯಾಟ್ ಉಡಾವಣೆಯಾಯಿತು. ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಅದರಿಂದ ಪಾಠ ಬಿತ್ತರವಾಯಿತು. 2010ರಲ್ಲಿ ಆ ಉಪಗ್ರಹದ ಸೇವೆ ಕೊನೆಗೊಂಡಿತು.

ದೂರದ ಹಳ್ಳಿಗೂ ಒಳ್ಳೆಯ ಪಾಠ ಮುಟ್ಟಿಸಿದ್ದು ಈ ಯೋಜನೆಗಳ ಸಾಧನೆ. ಆದರೆ ಬಿತ್ತರವಾಗುವ ಪಾಠ ಮಗುವಿನ ಪ್ರಶ್ನೆಗಾಗಿ ಕಾಯುವುದಿಲ್ಲ. ಇಂದಿನ ಸ್ಮಾರ್ಟ್ ತರಗತಿಯಲ್ಲಿ ವಿಡಿಯೋ ನಿಲ್ಲಿಸುವ ಗುಂಡಿ ಇದೆ. ಅದನ್ನು ಒತ್ತಲು ಶಿಕ್ಷಕರಿಗೆ ವ್ಯವಧಾನವಿಲ್ಲದಿದ್ದರೆ ಹಳೆಯ ಕೊರತೆಯೇ ಹೊಸ ಪರದೆಯಲ್ಲಿ ಮುಂದುವರಿಯುತ್ತದೆ.

ಒಂದು ಉದಾಹರಣೆ ನೋಡಿ. ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ನೆತ್ತಿಯ ಮೇಲಿರುತ್ತಾನೆ ಎಂದು ಪರದೆಯ ಚಿತ್ರ ತೋರಿಸಿದರೆ ಮಕ್ಕಳು ನಂಬುತ್ತಾರೆ. ಉಡುಪಿಯ ಕಡಿಯಾಳಿಯ ಯಾವುದೇ ಶಾಲೆಯ ಅಂಗಳದಲ್ಲಿ ಡಿಸೆಂಬರ್ 22ರಂದು ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ. ಅದರ ನೆರಳು ಅತಿ ಗಿಡ್ಡವಾಗುವುದು ಹನ್ನೆರಡಕ್ಕಲ್ಲ, ಸುಮಾರು ಹನ್ನೆರಡೂವರೆಗೆ. ಆಗಲೂ ನೆರಳು ಉತ್ತರಕ್ಕೆ ಸುಮಾರು 75 ಸೆಂ.ಮೀ. ಚಾಚಿರುತ್ತದೆ. ಏಕೆ? ನಮ್ಮ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತದೆ. ಉಡುಪಿ ಇರುವುದು ಸುಮಾರು 74.75 ಡಿಗ್ರಿಯಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ 31 ನಿಮಿಷ ತಡ. ಈ ಲೆಕ್ಕವನ್ನು ಏಳನೆಯ ತರಗತಿಯ ಮಗುವೇ ಮಾಡಬಲ್ಲದು.

ಹಾಗಾದರೆ ಕಂಪ್ಯೂಟರ್ ಬೇಡವೇ? ಖಂಡಿತ ಬೇಕು. ಉಡುಪಿಯಲ್ಲಿ ಸೂರ್ಯ ನಡು ಮಧ್ಯಾಹ್ನ ನೆತ್ತಿಗೆ ಬಂದು ನೆರಳು ಮಾಯವಾಗುವುದು ವರ್ಷದಲ್ಲಿ ಎರಡೇ ಸಲ: ಏಪ್ರಿಲ್ 25 ಮತ್ತು ಆಗಸ್ಟ್ 18ರ ಸುಮಾರಿಗೆ. ಮೊದಲನೆಯದು ಬೇಸಿಗೆ ರಜೆಯಲ್ಲಿ ಬರುತ್ತದೆ, ಎರಡನೆಯದನ್ನು ಕರಾವಳಿಯ ಮಳೆಮೋಡ ಮರೆಸಬಹುದು. ಉಚಿತವಾಗಿ ಸಿಗುವ ‘ಸ್ಟೆಲೇರಿಯಂ’ ತಂತ್ರಾಂಶದಲ್ಲಿ ಊರು, ದಿನ, ಹೊತ್ತು ಬದಲಿಸಿ ಆ ನೋಟವನ್ನು ತರಗತಿಯಲ್ಲೇ ಕಾಣಬಹುದು. ಕೋಲಿನ ನೆರಳನ್ನು ಅಳೆದ ಮಕ್ಕಳಿಗೆ ಆ ಪರದೆ ಅರ್ಥಪೂರ್ಣ. ಅಳೆಯದವರಿಗೆ ಅದು ಇನ್ನೊಂದು ಚಿತ್ರ, ಅಷ್ಟೆ.

ಕಣ್ಣಿಗೆ ಕಾಣುವುದನ್ನು ಅಂಗಳದಲ್ಲಿ ನೋಡೋಣ. ಕಾಣದಿರುವುದಕ್ಕೆ ಯಂತ್ರದ ನೆರವು ಪಡೆಯೋಣ. ಎಷ್ಟು ಶಾಲೆಗಳಿಗೆ ಎಷ್ಟು ಯಂತ್ರ ಕೊಟ್ಟೆವು ಎಂಬ ಲೆಕ್ಕ ಇಲಾಖೆಗೆ ಬೇಕಾದೀತು. ಶಿಕ್ಷಕರಾದ ನೀವು ಇಡಬೇಕಾದ ಲೆಕ್ಕ ಬೇರೆ: ಪರದೆ ಆರಿದ ಮೇಲೆ ಮಕ್ಕಳು ಎಷ್ಟು ಪ್ರಶ್ನೆ ಕೇಳಿದರು?