ಅತಿಭಾರಾರೋಪಣವು ಎತ್ತಿಗೆ ಮಾತ್ರವೇ?

ಅಹಿಂಸಾಣುವ್ರತಕ್ಕೆ ತಗಲುವ ಐದು ಅತಿಚಾರಗಳನ್ನು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಎಣಿಸಿದ್ದಾರೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ, ಅತಿಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ನಮ್ಮ ಪ್ರವಚನಗಳಲ್ಲಿ ಇವಕ್ಕೆ ದೊರೆಯುವ ನಿದರ್ಶನ ಬಹುಮಟ್ಟಿಗೆ ಒಂದೇ: ಎತ್ತು, ಬಂಡಿ, ಬಾರಕೋಲು. ಕೇಳುವ ಶ್ರಾವಕನಿಗೆ ಈ ವ್ಯಾಖ್ಯಾನ ಬಲು ಸುಖಕರ. ಅವನ ಮನೆಯಲ್ಲಿ ಎತ್ತಿಲ್ಲ. ಆದ್ದರಿಂದ ದೋಷವೂ ಇಲ್ಲ.

ಹಳೆಯ ಟೀಕಾಕಾರರು ಇಷ್ಟು ಸಂಕುಚಿತರಾಗಿರಲಿಲ್ಲ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅತಿಭಾರವನ್ನು ತೂಕದಿಂದ ಅಳೆಯದೆ ನ್ಯಾಯದಿಂದ ಅಳೆಯುತ್ತಾರೆ. ಹಸಿವು ನೀರಡಿಕೆಗಳ ಮಾತಿನಲ್ಲಿ ದನಗಳನ್ನು ಹೆಸರಿಸಿದರೂ ‘ಮೊದಲಾದ’ ಎಂದು ಸೇರಿಸುತ್ತಾರೆ. ನಾವು ಮರೆತಿರುವುದು ಆ ‘ಮೊದಲಾದ’ವನ್ನು.

ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಗಂಟೆಗೆ ಇಷ್ಟು ನಗ ಹೊಲಿಯಬೇಕೆಂಬ ‘ಟಾರ್ಗೆಟ್’. ತಪ್ಪಿದರೆ ಮೇಲ್ವಿಚಾರಕರ ಬೈಗುಳ. ಶೌಚಕ್ಕೆ ಎದ್ದರೆ ಎಣಿಕೆ ತಪ್ಪೀತೆಂದು ನೀರು ಕುಡಿಯುವುದನ್ನೇ ಬಿಡುವವರಿದ್ದಾರೆ. ನಳವುಂಟು, ನೀರೂ ಉಂಟು. ಆದರೂ ಅಲ್ಲಿ ನಡೆದಿರುವುದು ಪಾನನಿರೋಧವೇ. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯಬಾರದೆಂಬ ನಿಯಮ 2016ರಲ್ಲಿ ಬಂದಾಗ, ಏಪ್ರಿಲ್ 18 ಮತ್ತು 19ರಂದು ಇವರೇ ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು.

ಉದ್ಯೋಗದಲ್ಲಿ ಒದಗುವ ಹಿಂಸೆ ಗೃಹಸ್ಥನಿಗೆ ಅನಿವಾರ್ಯವೆಂಬ ಸಮಾಧಾನವೊಂದು ನಮ್ಮಲ್ಲಿ ಸಿದ್ಧವಾಗಿದೆ. ಅನಿವಾರ್ಯವಾದುದು ಹೊಲಿಗೆ, ಬೈಗುಳವಾಗಲಿ ಕೂಲಿಯ ಕಡಿತವಾಗಲಿ ಅಲ್ಲ. ‘ನಾವು ಹೊಲಿಸುವವರಲ್ಲ, ಕೊಳ್ಳುವವರು’ ಎನ್ನುವ ಮಾತೂ ಕೇಳಿಬರುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಮಾಡಿದ್ದನ್ನು, ಮಾಡಿಸಿದ್ದನ್ನು, ಮೆಚ್ಚಿದ್ದನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಅಗ್ಗದ ದರವನ್ನು ಮೆಚ್ಚಿಕೊಳ್ಳುವವರು ಯಾವ ಸಾಲಿಗೆ ಸೇರುತ್ತಾರೆ?

ಇದು ದೂರದ ಬೆಂಗಳೂರಿನ ಸಂಗತಿಯೆಂದು ವಿಜಯಪುರದವರು ನಿಶ್ಚಿಂತರಾಗುವಂತಿಲ್ಲ. ತಿಕೋಟಾ, ಬಬಲೇಶ್ವರಗಳಲ್ಲಿ ಮನೆಯಲ್ಲೇ ಯಂತ್ರವಿಟ್ಟು ನಗದ ಲೆಕ್ಕದಲ್ಲಿ ಹೊಲಿಯುವ ತಾಯಂದಿರಿಗೆ ಹಾಜರಿ ಪುಸ್ತಕವಿಲ್ಲ, ರಜೆಯಿಲ್ಲ. ದಾರ, ವಿದ್ಯುತ್ತಿನ ಖರ್ಚು ಎಷ್ಟೋ ವೇಳೆ ಅವರದೇ. ನಮ್ಮ ಟ್ರಸ್ಟುಗಳು ಶಾಲೆಯ ಸಮವಸ್ತ್ರಕ್ಕೆ ದರಪಟ್ಟಿ ತರಿಸುತ್ತವೆ. ಪಂಚಕಲ್ಯಾಣದ ಸ್ವಯಂಸೇವಕರಿಗೆ ಒಂದೇ ಬಣ್ಣದ ಉಡುಪು ಹೊಲಿಸುತ್ತವೆ. ಎಲ್ಲಕ್ಕಿಂತ ಕಡಿಮೆ ದರದವನಿಗೆ ಒಪ್ಪಿಗೆ ಕೊಡುವ ಸಭೆ ಣಮೋಕಾರ ಮಂತ್ರದಿಂದಲೇ ಆರಂಭವಾಗಿರುತ್ತದೆ.

ಸಹಸ್ರಫಣಿ ಪಾರ್ಶ್ವನಾಥರ ಸನ್ನಿಧಿಯ ಪ್ರವಚನದಲ್ಲಿ ಇನ್ನೊಮ್ಮೆ ಈ ಅತಿಚಾರಗಳ ಪ್ರಸ್ತಾಪ ಬಂದಾಗ, ಎತ್ತಿನ ಜೊತೆಗೆ ಈ ಹೆಣ್ಣುಮಕ್ಕಳ ನಿದರ್ಶನವೂ ಬರಲಿ. ಟ್ರಸ್ಟಿನ ಮುಂದಿನ ದರಪಟ್ಟಿಯಲ್ಲಿ ಬಟ್ಟೆಯ ಬೆಲೆಯ ಕೆಳಗೆ, ಹೊಲಿದವಳಿಗೆ ನಗಕ್ಕೆ ಎಷ್ಟು ಸಂದಿತೆಂಬ ಒಂದು ಸಾಲನ್ನು ಬರೆಸಲಿ.