ಗರಸಿನಲ್ಲಿ ಕಲಿತದ್ದು ಡಾಂಬರಿಗೆ ಎಷ್ಟು ದಕ್ಕೀತು?

ಕಬ್ಬಿನ ಹಂಗಾಮಿನಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಗಾಡಿ ಓಡಿಸಿದವರಿಗೆಲ್ಲ ಆ ಗಳಿಗೆ ಗೊತ್ತು. ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಹೊಲದಿಂದ ರಸ್ತೆಗೆ ಹತ್ತಿದ ಕಡೆ ಎರಿ ಮಣ್ಣು ಡಾಂಬರಿಗೆ ಮೆತ್ತಿಕೊಂಡಿರುತ್ತದೆ, ಅದರ ಮೇಲೆ ರವದಿ ಬಿದ್ದಿರುತ್ತದೆ. ತಿರುವಿನಲ್ಲಿ ಬೈಕಿನ ಹಿಂದಿನ ಗಾಲಿ ಗೇಣುದ್ದ ಪಕ್ಕಕ್ಕೆ ಸರಿಯುತ್ತದೆ. ಆಗ ಹೆಚ್ಚಿನವರು ಎಕ್ಸಲೇಟರನ್ನು ಥಟ್ಟನೆ ಬಿಟ್ಟುಬಿಡುತ್ತಾರೆ, ಹ್ಯಾಂಡಲನ್ನು ಬಿಗಿಯಾಗಿ ಹಿಡಿದು ಗಾಲಿಯ ಮುಂದಿನ ನೆಲವನ್ನೇ ನೋಡುತ್ತಾರೆ. ಈ ಮೂರೂ ತಪ್ಪು. ತಪ್ಪೆಂದು ಗೊತ್ತಿದ್ದವರೂ ಇದನ್ನೇ ಮಾಡುತ್ತಾರೆ, ಏಕೆಂದರೆ ಯೋಚಿಸಲು ಅಲ್ಲಿ ಹೊತ್ತೇ ಇರುವುದಿಲ್ಲ.

ರೇಸ್ ಟ್ರ್ಯಾಕ್‌ನಲ್ಲಿ ಚೆನ್ನಾಗಿ ಓಡಿಸಬೇಕೆಂದರೆ ಮೊದಲು ಮಣ್ಣಿಗಿಳಿಯಬೇಕು ಎಂಬ ಮಾತಿನ ಬೇರು ಇಲ್ಲಿದೆ. ಮಾತು ಹಳೆಯದು. ಅಮೆರಿಕದ ಮಣ್ಣಿನ ಓವಲ್‌ಗಳಲ್ಲಿ ಬೆಳೆದ ಕೆನ್ನಿ ರಾಬರ್ಟ್ಸ್ 1978ರಿಂದ ಸತತ ಮೂರು ವರ್ಷ 500 ಸಿಸಿ ವಿಶ್ವ ಪ್ರಶಸ್ತಿ ಗೆದ್ದರು. ಅದೇ ಮಣ್ಣಿನಿಂದ ಬಂದ ನಿಕಿ ಹೇಡನ್ 2006ರಲ್ಲಿ, ಆಸ್ಟ್ರೇಲಿಯಾದ ಮಣ್ಣಿನಿಂದ ಬಂದ ಕೇಸಿ ಸ್ಟೋನರ್ 2007 ಮತ್ತು 2011ರಲ್ಲಿ ಮೋಟೋಜಿಪಿ ಗೆದ್ದರು. ಆದರೆ ಈ ಸಾಲನ್ನು ಸಾಕ್ಷಿಯಾಗಿ ಎತ್ತಿ ಹಿಡಿಯುವವರು ಒಂದು ಸಂಗತಿ ಮರೆಯುತ್ತಾರೆ. ಇವರು ಎಳೆಯ ವಯಸ್ಸಿನಿಂದಲೇ ಮಣ್ಣಿನಲ್ಲಿ ಓಡಿಸಿದವರು. ಮೂವತ್ತು ದಾಟಿದ ಮೇಲೆ ಕೆಟಿಎಂ ಡ್ಯೂಕ್ ಕೊಂಡು, ವರ್ಷಕ್ಕೆರಡು ಸಲ ಟ್ರ್ಯಾಕ್‌ಗೆ ಹೋಗುವ ಒಬ್ಬ ಸಂಕೇಶ್ವರದ ಸವಾರನಿಗೆ ಅವರ ಜೀವನ ಮಾದರಿಯಾಗಲಾರದು. ಅವನಿಗೆ ಹತ್ತಿರದ ಉದಾಹರಣೆ ವ್ಯಾಲೆಂಟಿನೊ ರೊಸ್ಸಿಯದು. ಡಾಂಬರಿನಲ್ಲಿ ಎಲ್ಲವನ್ನೂ ಗೆದ್ದ ಮೇಲೂ ಅವರು ತಮ್ಮೂರು ತವುಲಿಯಾದ ಬಳಿ ಮಣ್ಣಿನ ಟ್ರ್ಯಾಕ್ ಕಟ್ಟಿಸಿ, ಕಿರಿಯ ಸವಾರರ ಜೊತೆ ಅಲ್ಲೇ ಅಭ್ಯಾಸ ಮಾಡಿದರು.

ಮಣ್ಣು ಕಲಿಸುವುದು ಏನನ್ನು? ಡಾಂಬರಿನಲ್ಲಿ ಹಿಡಿತ ಹೆಚ್ಚು, ಹಾಗಾಗಿ ಗಾಲಿ ಜಾರುವ ಹೊತ್ತಿಗೆ ವೇಗ ನೂರರ ಆಸುಪಾಸಿಗೆ ಬಂದಿರುತ್ತದೆ. ಜಾರಿದ ಮೇಲೆ ಪಾಠ ಕಲಿಯಲು ಅವಕಾಶವಿಲ್ಲ, ಆಸ್ಪತ್ರೆಯೇ ಗತಿ. ಗರಸಿನ ನೆಲದಲ್ಲಿ ಅದೇ ಜಾರಿಕೆ ಇಪ್ಪತ್ತು ಇಪ್ಪತ್ತೈದರ ವೇಗದಲ್ಲೇ ಶುರುವಾಗುತ್ತದೆ. ಒಂದು ಸಂಜೆಯಲ್ಲಿ ನೂರು ಸಲ ಜಾರಬಹುದು. ಹಿಂದಿನ ಗಾಲಿ ಹೊರಗೆ ಸರಿದಾಗ ಎಕ್ಸಲೇಟರ್ ಪೂರ್ತಿ ಬಿಟ್ಟರೆ ಗಾಲಿ ಒಮ್ಮೆಲೇ ನೆಲ ಕಚ್ಚುತ್ತದೆ, ಗಾಡಿ ಸೆಟೆದು ನಿಂತು ಸವಾರನನ್ನು ಆಚೆ ಎಸೆಯುತ್ತದೆ. ರೇಸಿನವರು ಹೈಸೈಡ್ ಎನ್ನುವುದು ಇದಕ್ಕೇ. ಕೊಟ್ಟ ರೇಸನ್ನು ಹಾಗೇ ಹಿಡಿದು, ತೋಳು ಸಡಿಲ ಬಿಟ್ಟು, ಹೋಗಬೇಕಾದ ಕಡೆ ಕಣ್ಣು ನೆಟ್ಟರೆ ಗಾಡಿ ತಾನಾಗಿ ಸಾಲಿಗೆ ಬರುತ್ತದೆ. ಇದನ್ನು ಓದಿ ನಂಬುವುದು ಬೇರೆ, ಮೈ ನಂಬುವುದು ಬೇರೆ. ಮೈ ನಂಬಿದ ದಿನ ಟ್ರ್ಯಾಕ್‌ನಲ್ಲಿ ತಿರುವಿನಿಂದ ಹೊರಬರುವಾಗ ರೇಸ್ ಕೊಡುವ ಕೈಯ ಗಡಸು ಹೋಗುತ್ತದೆ. ಮಣ್ಣು ಕೊಡುವ ದೊಡ್ಡ ಲಾಭ ಇದೇ, ಮತ್ತು ಇದು ನಿಜವಾದ ಲಾಭ.

ಇದರಾಚೆಗೆ ಹೇಳುವ ಲಾಭಗಳನ್ನು ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಮಣ್ಣಿನ ತಿರುವಿನಲ್ಲಿ ಸವಾರ ನೆಟ್ಟಗೆ ಕೂತು ಗಾಡಿಯನ್ನು ತನ್ನ ಕೆಳಗೆ ಒರಗಿಸುತ್ತಾನೆ, ಒಳಗಾಲು ಚಾಚುತ್ತಾನೆ, ಭಾರವನ್ನು ಸೀಟಿನ ಹೊರ ಅಂಚಿಗೆ ಹಾಕುತ್ತಾನೆ. ಟ್ರ್ಯಾಕ್‌ನಲ್ಲಿ ಇದು ತಿರುವುಮುರುವು: ಮೈ ಒಳಕ್ಕೆ ಇಳಿಯಬೇಕು, ಗಾಡಿ ಆದಷ್ಟು ನೆಟ್ಟಗಿರಬೇಕು. ಬ್ರೇಕಿನ ವಿಷಯವೂ ಹಾಗೆಯೇ. ಒಣ ಡಾಂಬರಿನಲ್ಲಿ ವೇಗ ಇಳಿಸುವ ಕೆಲಸದ ಬಹುಪಾಲು ಮುಂದಿನ ಬ್ರೇಕಿನದು; ಸಡಿಲ ಗರಸಿನಲ್ಲಿ ಅದನ್ನು ಹಾಗೆ ಒತ್ತಿದರೆ ಮುಂಗಾಲಿ ಮಡಚಿಕೊಳ್ಳುತ್ತದೆ. ತಡವಾಗಿ, ಬಲವಾಗಿ ಬ್ರೇಕ್ ಹಿಡಿದು ತಿರುವಿಗೆ ಇಳಿಯುವ ವಿದ್ಯೆಯನ್ನು ಟ್ರ್ಯಾಕ್ ಒಂದೇ ಕಲಿಸಬಲ್ಲದು.

ಅಪಾಯದ ಲೆಕ್ಕವನ್ನೂ ಮುಚ್ಚಿಡಬಾರದು. 2017ರಲ್ಲಿ ಎಂಡ್ಯೂರೊ ಅಭ್ಯಾಸದಲ್ಲಿ ಬಿದ್ದು ರೊಸ್ಸಿಯ ಕಾಲು ಮುರಿಯಿತು, ತಮ್ಮ ಮನೆಯಂಗಳದಂತಿದ್ದ ಮಿಸಾನೊ ರೇಸೇ ಅವರಿಗೆ ತಪ್ಪಿತು. 2021ರ ಕೊನೆಗೆ ಮೋಟೋಜಿಪಿ ಸವಾರ ಮಾರ್ಕ್ ಮಾರ್ಕೆಜ್ ಮಣ್ಣಿನ ಅಭ್ಯಾಸದಲ್ಲಿ ಬಿದ್ದಾಗ ಎರಡೆರಡಾಗಿ ಕಾಣುವ ಕಣ್ಣಿನ ತೊಂದರೆ ಮರುಕಳಿಸಿತು, ಕೊನೆಯ ಎರಡು ರೇಸ್ ಹೋದವು. ಆದರೆ ಗಮನಿಸಿ: ರೊಸ್ಸಿಗೆ ಪೆಟ್ಟಾದದ್ದು ಕಾಡುದಾರಿಯಲ್ಲಿ ಓಡಿಸುವ ಎಂಡ್ಯೂರೊದಲ್ಲಿ. ಜಾರಿಕೆಯ ಪಾಠ ಇರುವುದು ಸಪಾಟು ನೆಲದ ಸಣ್ಣ ಸುತ್ತುಗಳಲ್ಲಿ. ಲಾಭ ಒಂದು ಕಡೆ, ಅಪಾಯದ ದೊಡ್ಡ ಪಾಲು ಇನ್ನೊಂದು ಕಡೆ. ನಮ್ಮ ಹುಡುಗರು ಮೊಬೈಲಿನಲ್ಲಿ ನೋಡಿ ಮೊದಲು ಗಾಡಿ ಹಾರಿಸಲು ಹೋಗುವುದು ನನಗೆ ನೋವು ತರುವುದು ಇದಕ್ಕೇ.

ಕರ್ನಾಟಕದಲ್ಲಿ ಎರಡೂ ನೆಲ ಬಲ್ಲವರೆಂದರೆ ನೆನಪಾಗುವುದು ಬೆಂಗಳೂರಿನ ಐಶ್ವರ್ಯಾ ಪಿಸ್ಸೆ. ರೋಡ್ ರೇಸ್, ರ್‍ಯಾಲಿ ಎರಡರಲ್ಲೂ ರಾಷ್ಟ್ರೀಯ ಪ್ರಶಸ್ತಿ ಗೆದ್ದು, 2019ರಲ್ಲಿ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದವರು. ಅದಕ್ಕೆ ಹಿಂದಿನ ವರ್ಷ ಸ್ಪೇನಿನ ಅರಗಾನ್‌ನಲ್ಲಿ ಬಿದ್ದು ಮೇದೋಜೀರಕ ಗ್ರಂಥಿಗೇ ಪೆಟ್ಟು ತಿಂದವರು. ಎರಡು ವಿದ್ಯೆ ಒಂದೇ ಮೈಯಲ್ಲಿ ಇರಬಲ್ಲವು ಎಂಬುದಕ್ಕೆ ಅವರು ಸಾಕ್ಷಿ. ಒಂದರಿಂದ ಇನ್ನೊಂದು ತಾನಾಗಿ ಹುಟ್ಟುತ್ತದೆ ಎಂಬುದಕ್ಕಲ್ಲ. 2015ರಲ್ಲಿ ಡಕಾರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಕೋಲಾರದ ಬಳಿ ಬಿಗ್ ರಾಕ್ ಡರ್ಟ್ ಪಾರ್ಕ್ ಕಟ್ಟಿದರು, ಅಲ್ಲಿ ಕ್ರಮವಾಗಿ ಕಲಿಯಬಹುದು. ನಮ್ಮ ಮೂರು ತಾಲೂಕಿನವರಿಗೆ ಅದೂ ದೂರ, ಚೆನ್ನೈ ಮತ್ತು ಕೊಯಮತ್ತೂರಿನ ಟ್ರ್ಯಾಕ್‌ಗಳು ಇನ್ನೂ ದೂರ. ಹತ್ತಿರ ಇರುವುದು ಮಣ್ಣು ಮಾತ್ರ.

ಎಲ್ಲ ಮಣ್ಣೂ ಆಗದು. ಮೂಡಲಗಿ ಸುತ್ತಿನ ಎರಿ ಹೊಲ ಮಳೆಯಲ್ಲಿ ಮಡ್‌ಗಾರ್ಡಿಗೆ ಮೆತ್ತಿ ಗಾಲಿಯನ್ನೇ ನಿಲ್ಲಿಸುತ್ತದೆ, ಬೇಸಿಗೆಯಲ್ಲಿ ಗಾಲಿ ಸಿಕ್ಕುವಷ್ಟು ಅಗಲ ಬಿರುಕು ಬಿಡುತ್ತದೆ. ಗೋಕಾಕದ ಗುಡ್ಡದ ಸೆರಗಿನಲ್ಲಿ, ಹುಕ್ಕೇರಿಯ ಎತ್ತರದ ಬಯಲಿನಲ್ಲಿ ಸಿಗುವ ಗರಸು, ಮಸಾರಿ ನೆಲ ಒಳ್ಳೆಯದು. ಧೂಪದಾಳದಿಂದ ಹೊರಡುವ ಘಟಪ್ರಭಾ ಎಡದಂಡೆ ಕಾಲುವೆಯ ಏರಿ ಮಾತ್ರ ಬೇಡ. ಅದು ದನಕರು, ರೈತರು ನಡೆಯುವ ದಾರಿ, ಒಂದು ಬದಿಗೆ ನೀರು.

ಗಾಡಿ ಹಗುರಾಗಿರಲಿ. ನೂರು ಕಿಲೋದ ಆಸುಪಾಸಿನ ಹಳೆಯ ಆರ್‌ಎಕ್ಸ್ 100 ಸಿಕ್ಕರೆ ಅದಕ್ಕಿಂತ ಒಳ್ಳೆಯ ಗುರು ಇಲ್ಲ. 2019ರಲ್ಲಿ ಬಂದ ಹೀರೊ ಎಕ್ಸ್‌ಪಲ್ಸ್ 200 ನೂರೈವತ್ತು ಕಿಲೋ ದಾಟಿದರೂ ನಂಬರ್ ಪ್ಲೇಟ್ ಇರುವ ಗಾಡಿ, ಮನೆಯಿಂದಲೇ ಓಡಿಸಿಕೊಂಡು ಹೋಗಬಹುದು. ಎರಡು ಹಳೆ ಟೈರು ಮೂವತ್ತು ಹೆಜ್ಜೆ ದೂರಕ್ಕೆ ಇಟ್ಟು, ಎಂಟರ ಆಕಾರದಲ್ಲಿ ಎರಡನೇ ಗೇರಿನಲ್ಲಿ ಸುತ್ತಿದರೆ ಸಾಕು. ವಾರಕ್ಕೊಂದು ಗಂಟೆ, ನಾಲ್ಕು ತಿಂಗಳು. ಟ್ರ್ಯಾಕ್‌ಗೆ ಹೋಗುವ ಮುನ್ನ ಮಾತ್ರ ಚಾಚಿದ ಕಾಲನ್ನು ಮತ್ತೆ ಒಳಗೆಳೆದುಕೊಳ್ಳುವ ಅಭ್ಯಾಸ ಬೇರೆ ಮಾಡಬೇಕು.

ಹೊಲದವರನ್ನು ಕೇಳಿಯೇ ಇಳಿಯಿರಿ. ಮೊಣಕಾಲಿನವರೆಗಿನ ಬೂಟು, ಮೊಣಕಾಲು ಗಾರ್ಡ್, ಪೂರ್ತಿ ಹೆಲ್ಮೆಟ್ ಇಲ್ಲದೆ ಇಳಿಯಬೇಡಿ. ಒಬ್ಬರೇ ಹೋಗಬೇಡಿ. ಮುಂಗಾರಿನ ಬಿತ್ತಿಗೆಗೆ ಮೊದಲು ನೆಲವನ್ನು ಇದ್ದಂತೆ ಸಮ ಮಾಡಿ ಒಪ್ಪಿಸಿ.