ಅಳಿಸಿಹೋದ ಜೊತೆಗಾರರು

ಮನೆಯನ್ನೇ ಬೆನ್ನಿಗೆ ಹೊತ್ತ ವಾಹನದಲ್ಲಿ ಸುತ್ತುವ ಕಥನಗಳಿಗೆ ಜಾನ್ ಸ್ಟೈನ್‌ಬೆಕ್‌ನ ‘ಟ್ರಾವೆಲ್ಸ್ ವಿತ್ ಚಾರ್ಲಿ’ (1962) ಒಂದು ಮಾದರಿ. 1960ರಲ್ಲಿ ಆತ ಪಿಕಪ್ ಟ್ರಕ್ಕಿನ ಮೇಲೆ ಪುಟ್ಟ ಮನೆ ಕಟ್ಟಿಸಿ, ಅದಕ್ಕೆ ಡಾನ್ ಕ್ವಿಕ್ಸೋಟ್‌ನ ಕುದುರೆಯ ಹೆಸರಿಟ್ಟು, ನಾಯಿ ಚಾರ್ಲಿಯೊಡನೆ ಹೊರಟ. ಉತ್ತರದ ಮೊಂಟಾನಾ ಬೆಟ್ಟಸೀಮೆ ತಲುಪಿದಾಗ ಅವನ ಗದ್ಯ ಪ್ರೇಮಪತ್ರವೇ ಆಗುತ್ತದೆ.

ಈ ಏಕಾಂತ ಎಷ್ಟು ನಿಜ? ಪಶ್ಚಿಮ ಕರಾವಳಿಯ ದಾರಿಯಲ್ಲಿ ಪತ್ನಿ ಎಲೇನ್ ಜೊತೆಗಿದ್ದಳು. ಹಸ್ತಪ್ರತಿಯಲ್ಲಿದ್ದ ಆಕೆ ಅಚ್ಚಾದ ಪುಸ್ತಕದ ಆ ಭಾಗದಲ್ಲಿಲ್ಲ. ಹಲವು ರಾತ್ರಿಗಳು ಕಳೆದದ್ದು ಹೋಟೆಲು, ಮೋಟೆಲುಗಳಲ್ಲಿ. 2010ರಲ್ಲಿ ಅದೇ ದಾರಿ ಹಿಡಿದ ಪತ್ರಕರ್ತ ಬಿಲ್ ಸ್ಟೈಗರ್‌ವಾಲ್ಡ್ ಇದನ್ನೆಲ್ಲ ಎತ್ತಿ ತೋರಿಸಿದ.

ಕಾದಂಬರಿಕಾರನಲ್ಲವೇ, ಕಟ್ಟಲಿ ಬಿಡಿ ಎನ್ನುವವರಿದ್ದಾರೆ. ಸಂಭಾಷಣೆ ಕಟ್ಟಿದ್ದರೆ ನನಗೆ ತಕರಾರಿಲ್ಲ. ಜೊತೆಗಾರ್ತಿಯನ್ನು ಅಳಿಸಿದ್ದಕ್ಕೆ ಇದೆ. ಒಂದೇ ಗಾಡಿಯಲ್ಲಿ ಉಂಡು ಮಲಗುವವರ ನೋಟ ಒಂದೇ ಆಗಿರುವುದಿಲ್ಲ. ಒಬ್ಬರು ಮೈಮರೆತು ನೋಡುವ ಶಿಖರ, ಗಾಡಿ ಓಡಿಸುವವರಿಗೆ ಮುಂದಿನ ಅಪಾಯದ ತಿರುವು. ಆ ಭಿನ್ನತೆಯನ್ನು ತೆಗೆದರೆ ಉಳಿಯುವುದು ಒಬ್ಬನ ತೀರ್ಪು, ಅದೂ ‘ಅಮೆರಿಕದ ಹುಡುಕಾಟ’ ಎಂಬ ಉಪಶೀರ್ಷಿಕೆಯಡಿ.

ಗೆಳೆಯರೊಡನೆ ಹಿಮಾಲಯಕ್ಕೆ ಹೋಗಿಬಂದು ಬರೆಯುವ ನಮ್ಮ ಪ್ರವಾಸಕಥನಗಳಲ್ಲೂ ‘ನಾವು’ ಎಷ್ಟೋ ಸಲ ಎರಡನೆಯ ಪುಟಕ್ಕೇ ‘ನಾನು’ ಆಗಿರುತ್ತದೆ. ಸ್ಟಿಯರಿಂಗ್ ಹಿಡಿದವರು, ಅಡುಗೆ ಮಾಡಿದವರು ಎಲ್ಲಿ ಹೋದರು ಎಂದು ಕೇಳಿಕೊಂಡೇ ಅವನ್ನು ಓದಬೇಕು.